ಬಿಳಿ ಅಂಗಿ, ಟೈ, ಕಪ್ಪು ಬ್ಯಾಡ್ಜ್: ಮಾರ್ಮನ್ ಹುಡುಗರ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದವಳು. ಹನ್ನೊಂದು ವರ್ಷದಿಂದ ಅಮೆರಿಕದ ಯೂಟಾ ರಾಜ್ಯದಲ್ಲಿದ್ದೇನೆ. ಸಾಲ್ಟ್ ಲೇಕ್ ಸಿಟಿಯಿಂದ ಸ್ವಲ್ಪ ದಕ್ಷಿಣಕ್ಕೆ ಸ್ಯಾಂಡಿ ಅಂತ ಊರು. ನಮ್ಮ ಬೀದಿಯಲ್ಲಿ ನಮ್ಮದೂ ಇನ್ನೊಂದು ಮನೆಯೂ ಬಿಟ್ಟರೆ ಉಳಿದವರೆಲ್ಲ ಮಾರ್ಮನ್ನರು. ನಾನು ಆ ಮತದವಳಲ್ಲ, ಸೇರುವ ಯೋಚನೆಯೂ ಇಲ್ಲ. ಆದರೆ ಪಕ್ಕದ ಮನೆ ಹುಡುಗ ನನ್ನ ಕಣ್ಣೆದುರೇ ಬೆಳೆದು, ಮಿಷನ್‌ಗೆ, ಅಂದರೆ ಮತಪ್ರಚಾರಕ್ಕೆ ದೂರದ ಊರಿಗೆ ಹೋಗಿ, ವಾಪಸ್ಸೂ ಬಂದ. ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡದ ಗೆಳತಿಯರು, ಊರಿಂದ ಬರುವ ನೆಂಟರು, ಎಲ್ಲರೂ ಕೇಳುವುದು ಅವೇ ಪ್ರಶ್ನೆ. ಪ್ರತಿ ಸಲ ಫೋನಲ್ಲಿ ಹೇಳುವ ಬದಲು ಒಂದೇ ಸಲ ಬರೆದಿಡೋಣ ಅನ್ನಿಸಿತು.

ಬಾಗಿಲಿಗೆ ಬಂದ ಆ ಇಬ್ಬರು ಯಾರು? ಏನಾದರೂ ಮಾರೋಕೆ ಬಂದವರಾ?

ಮಾರೋಕೆ ಅಲ್ಲ. ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಬ್ಯಾಡ್ಜ್, ಇಬ್ಬರು ಹುಡುಗರು ಜೊತೆಯಾಗಿ ಬಂದಿದ್ದರೆ ಅವರು ಮಾರ್ಮನ್ ಮಿಷನರಿಗಳು. ತಮ್ಮ ಮತದ ವಿಷಯ ಹೇಳೋಕೆ ಬಂದಿರುತ್ತಾರೆ. ವಯಸ್ಸು ಹದಿನೆಂಟೋ ಹತ್ತೊಂಬತ್ತೋ. ನಮ್ಮ ಕಡೆ ಲೆಕ್ಕದಲ್ಲಿ ಪಿಯುಸಿ ಮುಗಿಸಿದ ಮಕ್ಕಳು.

ಮಾರ್ಮನ್ ಅಂದರೆ ಕ್ರಿಶ್ಚಿಯನ್ನರೇನಾ?

ಅವರನ್ನು ಕೇಳಿದರೆ ಖಂಡಿತ ಹೌದು ಅನ್ನುತ್ತಾರೆ. ಉಳಿದ ಎಷ್ಟೋ ಚರ್ಚುಗಳು ಒಪ್ಪುವುದಿಲ್ಲ. ಜೋಸೆಫ್ ಸ್ಮಿತ್ ಎಂಬಾತ 1830ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈ ಚರ್ಚ್ ಕಟ್ಟಿದ. ಬೈಬಲ್ ಜೊತೆಗೆ 'ಬುಕ್ ಆಫ್ ಮಾರ್ಮನ್' ಕೂಡ ಇವರಿಗೆ ಪವಿತ್ರ ಗ್ರಂಥ, ಆ ಹೆಸರು ಬಂದಿದ್ದು ಅಲ್ಲಿಂದಲೇ. 2018ರಲ್ಲಿ ಚರ್ಚಿನ ಅಧ್ಯಕ್ಷರು, ನಮ್ಮನ್ನು ಮಾರ್ಮನ್ ಅನ್ನಬೇಡಿ, ಪೂರ್ತಿ ಹೆಸರು ಹೇಳಿ ಅಂದರು. ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. ಪ್ರತಿ ಸಲ ಇಷ್ಟು ಬರೆದರೆ ನನ್ನ ಪುಟ ಇಲ್ಲೇ ತುಂಬುತ್ತದೆ. ಹಾಗಾಗಿ ಹಳೇ ಹೆಸರನ್ನೇ ಬಳಸುತ್ತೇನೆ, ಮುಂದೆ ಸಿಕ್ಕಾಗ ಅವರ ಹತ್ತಿರ ಕ್ಷಮೆ ಕೇಳಿದರಾಯಿತು.

ಇಬ್ಬರ ಹೆಸರೂ 'ಎಲ್ಡರ್' ಅಂತಲೇ ಇತ್ತು. ಅಣ್ಣತಮ್ಮಂದಿರಾ?

ನಮ್ಮ ಅಮ್ಮ ಕೂಡ ಇದನ್ನೇ ಕೇಳಿದ್ದು! ಎಲ್ಡರ್ ಹೆಸರಲ್ಲ, ಬಿರುದು. ಹಿರಿಯ ಅಂತ ಅರ್ಥ. ಹದಿನೆಂಟು ವರ್ಷದ ಹಿರಿಯ! ಹುಡುಗಿಯರಾದರೆ 'ಸಿಸ್ಟರ್'. ಅದರ ಮುಂದೆ ಮನೆತನದ ಹೆಸರು ಅಷ್ಟೇ. ಸ್ವಂತ ಹೆಸರು ಬ್ಯಾಡ್ಜ್ ಮೇಲೆ ಇರುವುದಿಲ್ಲ. ಒಟ್ಟಿಗೆ ಇರುವ ಇಬ್ಬರೂ ಒಬ್ಬರನ್ನೊಬ್ಬರು ಎಲ್ಡರ್ ಅಂತಲೇ ಕರೆಯುತ್ತಾರೆ.

ನಾನು ಅಮ್ಮನಿಗೆ ಅಯ್ಯಪ್ಪ ಮಾಲೆಯ ಉದಾಹರಣೆ ಕೊಟ್ಟೆ. ಮಾಲೆ ಹಾಕಿದ ದಿನದಿಂದ ಬ್ಯಾಂಕ್ ಮ್ಯಾನೇಜರೂ 'ಸ್ವಾಮಿ', ಆಟೋ ಓಡಿಸುವವನೂ 'ಸ್ವಾಮಿ' ಅಲ್ವಾ? ಇಲ್ಲೂ ಹೊರಡುವ ಮುಂಚೆ ಊರಿನ ಚರ್ಚ್ ಮುಖಂಡರು ಹುಡುಗನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ. ಆ ಗಳಿಗೆಯಿಂದ ಅವನು ಮಿಷನರಿ, ನಿಯಮಗಳೆಲ್ಲ ಶುರು. ವ್ಯತ್ಯಾಸ ಏನೆಂದರೆ ನಮ್ಮದು ಒಂದು ಮಂಡಲ, ಇವರದು ಎರಡು ವರ್ಷ.

ಕಡ್ಡಾಯನಾ? ಎಷ್ಟು ದಿನ?

ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಮೊದಲು ಹುಡುಗರು 19, ಹುಡುಗಿಯರು 21 ತುಂಬುವ ತನಕ ಕಾಯಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು. 2025ರ ನವೆಂಬರ್‌ನಲ್ಲಿ ಹುಡುಗಿಯರಿಗೂ 18 ಸಾಕು ಅಂದರು.

ಕಾಗದದ ಮೇಲೆ ಯಾರಿಗೂ ಬಲವಂತ ಇಲ್ಲ. ಆದರೆ ಹುಡುಗರಿಗೆ ಇದು ಕರ್ತವ್ಯ ಅಂತ ಚರ್ಚ್ ಹೇಳುತ್ತದೆ, ಹುಡುಗಿಯರಿಗೆ ಇಷ್ಟ ಇದ್ದರೆ ಮಾತ್ರ. ಯೂಟಾದಂಥ ಜಾಗದಲ್ಲಿ ಅಣ್ಣ ಹೋಗಿದ್ದಾನೆ, ಅಪ್ಪ ಹೋಗಿದ್ದ, ಕ್ಲಾಸಿನ ಅರ್ಧ ಹುಡುಗರು ಹೊರಟಿದ್ದಾರೆ. ಅಂಥ ಕಡೆ 'ನಾನು ಒಲ್ಲೆ' ಅನ್ನೋದು ಎಷ್ಟು ಸುಲಭ ಅಂತ ನೀವೇ ಯೋಚಿಸಿ. ನಮ್ಮಲ್ಲಿ ಇಂಜಿನಿಯರಿಂಗ್ ಕಡ್ಡಾಯನಾ ಅಂತ ಕೇಳಿದ ಹಾಗೆ.

ಯಾವ ದೇಶಕ್ಕೆ ಹೋಗಬೇಕು ಅಂತ ಅವರೇ ಆರಿಸಿಕೊಳ್ಳಬಹುದಾ?

ಇಲ್ಲ. ಅರ್ಜಿ ಹಾಕಬೇಕು, ಹಲ್ಲಿನ ಡಾಕ್ಟರಿಗೆ ತೋರಿಸಬೇಕು, ವೈದ್ಯರ ತಪಾಸಣೆ ಆಗಬೇಕು, ಚರ್ಚಿನ ಹಿರಿಯರ ಜೊತೆ ಸಂದರ್ಶನ ಆಗಬೇಕು. ಆಮೇಲೆ ಸಾಲ್ಟ್ ಲೇಕ್ ಸಿಟಿಯಲ್ಲಿ ಚರ್ಚಿನ 'ಅಪಾಸಲ್'ಗಳಲ್ಲಿ (ಅತಿ ಮೇಲಿನ ಮುಖಂಡರಲ್ಲಿ) ಒಬ್ಬರು ಒಂದೊಂದೇ ಅರ್ಜಿ, ಫೋಟೋ ನೋಡಿ ಪ್ರಾರ್ಥನೆ ಮಾಡಿ ಜಾಗ ಗೊತ್ತು ಮಾಡುತ್ತಾರೆ. ಅದು ದೇವರ ತೀರ್ಮಾನ ಅಂತ ಅವರ ನಂಬಿಕೆ. 2024ರ ಕೊನೆಗೆ ಜಗತ್ತಿನಲ್ಲಿ 450 ಮಿಷನ್‌ಗಳು, ಅಂದರೆ ಮಿಷನರಿಗಳನ್ನು ಕಳಿಸುವ ಪ್ರದೇಶಗಳು ಇದ್ದವು, 74 ಸಾವಿರಕ್ಕೂ ಜಾಸ್ತಿ ಮಿಷನರಿಗಳಿದ್ದರು. ಪ್ಯಾರಿಸ್ ಸಿಗಬಹುದು, ಪಕ್ಕದ ಐಡಹೋ ರಾಜ್ಯವೂ ಸಿಗಬಹುದು. ಐಡಹೋ ಸಿಕ್ಕ ಹುಡುಗನ ಮುಖ ಒಂದು ಸಲ ನೋಡಿದ್ದೇನೆ. ಪಾಪ.

ಯಾವ ಜಾಗ ಅಂತ ತಿಳಿಸುವ ಪತ್ರ ಮೊದಲು ದೊಡ್ಡ ಬಿಳಿ ಲಕೋಟೆಯಲ್ಲಿ ಅಂಚೆಗೆ ಬರುತ್ತಿತ್ತು. 2018ರಿಂದೀಚೆಗೆ ಎಲ್ಲ ಆನ್‌ಲೈನ್. ಪಕ್ಕದ ಮನೆಯಲ್ಲಿ ಅದನ್ನು ತೆರೆದ ಸಂಜೆ ನಮ್ಮನ್ನೂ ಕರೆದಿದ್ದರು. ಹಾಲ್ ತುಂಬ ನೆಂಟರು, ಗೋಡೆ ಮೇಲೆ ಪ್ರಪಂಚದ ಭೂಪಟ. ಬಂದವರೆಲ್ಲ ತಮ್ಮ ಊಹೆಗೆ ಒಂದೊಂದು ಗುಂಡುಪಿನ್ನು ಚುಚ್ಚಬೇಕು. ನಾನು ಬೆಂಗಳೂರಿಗೆ ಚುಚ್ಚಿದೆ, ನನ್ನ ಯಜಮಾನರು ಬ್ರೆಜಿಲ್‌ಗೆ. ಹುಡುಗ ಲ್ಯಾಪ್‌ಟಾಪ್ ಮುಂದೆ ಕೂತು ಜೋರಾಗಿ ಓದಲು ಶುರು ಮಾಡಿದ. ಊರಿನ ಹೆಸರು ಬಂದಾಗ ದನಿ ಒಡೆಯಿತು: ಫಿಲಿಪ್ಪೀನ್ಸ್, ಸೆಬು. ಎಲ್ಲರೂ ಕಿರುಚಿದರು. ಅವನ ಅಮ್ಮ ಕಿರುಚಲಿಲ್ಲ. ಭೂಪಟದ ಹತ್ತಿರ ಹೋಗಿ ಸೆಬು ಎಲ್ಲಿದೆ ಅಂತ ಬೆರಳಿಟ್ಟು ಹುಡುಕುತ್ತಿದ್ದರು.

ಆ ದೇಶದ ಭಾಷೆ ಬರದಿದ್ದರೆ?

ಕಲಿಯಬೇಕು. ಅದಕ್ಕೆ ತರಬೇತಿ ಕೇಂದ್ರಗಳಿವೆ. ದೊಡ್ಡದು ಇಲ್ಲೇ ಪ್ರೋವೋ ಊರಿನಲ್ಲಿದೆ, ಎಲ್ಲರೂ ಎಂಟಿಸಿ (ಮಿಷನರಿ ಟ್ರೈನಿಂಗ್ ಸೆಂಟರ್) ಅನ್ನುತ್ತಾರೆ. 50ಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಹೊಸ ಭಾಷೆಯಾದರೆ ಆರರಿಂದ ಒಂಬತ್ತು ವಾರ. ಅಷ್ಟರಲ್ಲಿ ಏನು ಬರುತ್ತದೆ? ಪ್ರಾರ್ಥನೆ ಮಾಡೋಕೆ, ತಮ್ಮ ಹೆಸರು ಹೇಳೋಕೆ ಬರುತ್ತದೆ. ಉಳಿದಿದ್ದು ಬೀದಿಯಲ್ಲೇ. ಈ ಹುಡುಗ ಕಲಿತಿದ್ದು ಸೆಬುವಾನೋ. ಮೊದಲ ತಿಂಗಳು ಜನ ಏನು ಹೇಳಿದರೂ ನಕ್ಕು ತಲೆ ಆಡಿಸುತ್ತಿದ್ದನಂತೆ. ಹಾಗೆ ತಲೆ ಆಡಿಸಿದ್ದಕ್ಕೇ ಒಂದು ಮನೆಯಲ್ಲಿ ಮೂರು ಸಲ ಊಟ ಬಡಿಸಿಬಿಟ್ಟರಂತೆ.

ಸಂಬಳ ಎಷ್ಟು?

ಸೊನ್ನೆ. ತಿರುಗಿ ಇವರೇ ಕೊಡಬೇಕು. ಅಮೆರಿಕದಿಂದ ಹೋಗುವವರು ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. 2020ರ ಜುಲೈ ತನಕ ಅದು 400 ಇತ್ತು. ಎರಡು ವರ್ಷಕ್ಕೆ 12 ಸಾವಿರ ಡಾಲರ್ ಆಯಿತು. ಚಿಕ್ಕ ವಯಸ್ಸಿನಿಂದಲೇ ಮಕ್ಕಳು ಹುಲ್ಲು ಕತ್ತರಿಸಿ, ಹಿಮ ಗುಡಿಸಿ ದುಡ್ಡು ಕೂಡಿಡುತ್ತಾರೆ. ನಮ್ಮ ಮನೆ ಮುಂದಿನ ಹಿಮ ಮೂರು ಚಳಿಗಾಲ ಗುಡಿಸಿದ್ದು ಇದೇ ಹುಡುಗ, ಸೆಬುಗೆ ನನ್ನದೂ ಸ್ವಲ್ಪ ಪಾಲಿದೆ ಅಂತ ತಮಾಷೆ ಮಾಡುತ್ತಿರುತ್ತೇನೆ. ಸಾಲದಿದ್ದರೆ ಮನೆಯವರು, ಚರ್ಚಿನವರು ಸೇರಿಸುತ್ತಾರೆ. ಮೊದಲು ಟೋಕಿಯೋಗೆ ಹೋದವನಿಗೆ ಜಾಸ್ತಿ, ಬಡ ದೇಶಕ್ಕೆ ಹೋದವನಿಗೆ ಕಡಿಮೆ ಖರ್ಚು ಬೀಳುತ್ತಿತ್ತು. ಈಗ ಎಲ್ಲ ಹಣ ಒಂದೇ ಹುಂಡಿಗೆ ಹೋಗುತ್ತದೆ. ಅದರಿಂದಲೇ ಬಾಡಿಗೆ, ತಿಂಗಳ ಊಟದ ಖರ್ಚು ಕೊಡುತ್ತಾರೆ.

ದಿನವೆಲ್ಲ ಏನು ಮಾಡುತ್ತಾರೆ?

ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಓದು: ಮೊದಲು ಒಬ್ಬೊಬ್ಬರೇ, ನಂತರ ಇಬ್ಬರೂ ಕೂತು, ಹೊಸ ಭಾಷೆಯಾದರೆ ಅದಕ್ಕೂ ಒಂದಿಷ್ಟು ಹೊತ್ತು. ಹತ್ತು ಗಂಟೆ ಸುಮಾರಿಗೆ ಹೊರಗೆ ಬೀಳುತ್ತಾರೆ. ರಾತ್ರಿ ಒಂಬತ್ತರ ಹೊತ್ತಿಗೆ ಮನೆ ಸೇರಬೇಕು, ಹತ್ತೂವರೆಗೆ ದೀಪ ಆರಬೇಕು. ಮೊದಲು ಇದು ನಿಮಿಷಕ್ಕೆ ನಿಮಿಷ ಕಟ್ಟಾಗಿತ್ತು, 2017ರಿಂದ ಆಯಾ ದೇಶಕ್ಕೆ ತಕ್ಕ ಹಾಗೆ ಸ್ವಲ್ಪ ಸಡಿಲ ಮಾಡಿದ್ದಾರೆ.

ಹೊರಗೆ ಏನು ಕೆಲಸ? ಮನೆ ಮನೆ ಬಾಗಿಲು ತಟ್ಟುವುದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಕೆಲಸದ ಒಂದು ತುಂಡು ಅಷ್ಟೇ, ಈಗೀಗ ಕಡಿಮೆಯೂ ಆಗಿದೆ. ಫೇಸ್‌ಬುಕ್‌ನಲ್ಲಿ ಸಿಕ್ಕವರಿಗೆ ಮೆಸೇಜ್ ಹಾಕುವುದು, ಪರಿಚಯದವರು ಹೇಳಿಕಳಿಸಿದ ಮನೆಗೆ ಹೋಗುವುದು, ಚರ್ಚಿಗೆ ಬರುವುದು ಬಿಟ್ಟವರನ್ನು ಮಾತಾಡಿಸುವುದು, ಯಾರಿಗೋ ಮನೆ ಸಾಮಾನು ಸಾಗಿಸಲು ಕೈ ಜೋಡಿಸುವುದು. ನಮ್ಮ ಬೀದಿಗೆ ಒಬ್ಬರು ಹೊಸದಾಗಿ ಬಂದಾಗ ಲಾರಿಯಿಂದ ಫ್ರಿಜ್ ಇಳಿಸಿದ್ದು ಟೈ ಕಟ್ಟಿದ್ದ ಇಬ್ಬರು ಎಲ್ಡರ್‌ಗಳು. ಟೈಯನ್ನು ಭುಜದ ಮೇಲೆ ಹಿಂದಕ್ಕೆ ಎಸೆದುಕೊಂಡು.

ಉಳಿದ ಹೊತ್ತೆಲ್ಲ ನಡೆಯುವುದು, ಇಲ್ಲ ಸೈಕಲ್ ತುಳಿಯುವುದು. ಹುಡುಗ ಸೆಬುವಿನಿಂದ ತಂದ ಬೂಟು ಈಗಲೂ ಅವರ ಗ್ಯಾರೇಜಿನಲ್ಲಿದೆ. ತಿರುಗಿಸಿ ನೋಡಿದೆ. ಹಿಮ್ಮಡಿಯ ಹತ್ತಿರ ಅಟ್ಟೆ ಪೂರ್ತಿ ಸವೆದು, ಒಳಗಿನ ಕಾಲುಚೀಲದ ನೂಲು ಅಂಟಿಕೊಂಡಿತ್ತು. ಎರಡು ಸಲ ಅಲ್ಲಿನ ಚಮ್ಮಾರ ಟೈರಿನ ತುಂಡು ಹಾಕಿ ಹೊಲಿದಿದ್ದಾನೆ. ಅವನ ಅಮ್ಮ ಎಸೆಯೋಕೆ ಬಿಟ್ಟಿಲ್ಲ.

ವಾರಕ್ಕೊಂದು ದಿನ ಬಿಡುವು, ಹೆಚ್ಚಾಗಿ ಸೋಮವಾರ. 'ಪಿ-ಡೇ' (ಪ್ರಿಪರೇಷನ್ ಡೇ) ಅನ್ನುತ್ತಾರೆ. ಬಟ್ಟೆ ಒಗೆಯುವುದು, ದಿನಸಿ ತರುವುದು, ಕ್ಷೌರ, ಬ್ಯಾಸ್ಕೆಟ್‌ಬಾಲ್ ಎಲ್ಲ ಆ ದಿನವೇ. ಸಂಜೆ ಆಗುತ್ತಿದ್ದ ಹಾಗೆ ಮತ್ತೆ ಕೆಲಸ.

ಯಾವಾಗಲೂ ಇಬ್ಬರೇ ಯಾಕೆ? ಜಗಳ ಆಡಲ್ವಾ?

ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ ಅಂತ ಬೈಬಲ್‌ನಲ್ಲಿದೆ, ಅದೇ ಆಧಾರ. ಜೊತೆಗಾರನನ್ನು 'ಕಂಪ್ಯಾನಿಯನ್' ಅನ್ನುತ್ತಾರೆ. ಬಚ್ಚಲು, ಕಕ್ಕಸು ಬಿಟ್ಟರೆ ಅವನ ಕಣ್ಣಿಗೆ, ಕಿವಿಗೆ ಸಿಗುವಷ್ಟು ಹತ್ತಿರದಲ್ಲೇ ಇರಬೇಕು. ಮಲಗುವುದೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಹಾಸಿಗೆ. ಯಾರು ಕಂಪ್ಯಾನಿಯನ್ ಅಂತ ಆರಿಸುವ ಹಕ್ಕಿಲ್ಲ. ಆ ಪ್ರದೇಶದ ಮಿಷನ್ ಅಧ್ಯಕ್ಷರು ಹೇಳಿದವನೇ.

ಜಗಳ ಆಗದೆ ಇರುತ್ತದಾ? ಒಬ್ಬ ಗೊರಕೆ ಹೊಡೆಯುತ್ತಾನೆ, ಇನ್ನೊಬ್ಬ ಪಾತ್ರೆ ತೊಳೆಯುವುದಿಲ್ಲ. ನಮ್ಮ ಪಕ್ಕದ ಮನೆ ಹುಡುಗನ ಮೂರನೇ ಕಂಪ್ಯಾನಿಯನ್ ಒಂದು ವಾರ ಮಾತೇ ಬಿಟ್ಟಿದ್ದನಂತೆ. ಆದರೂ ಇಬ್ಬರೂ ಒಟ್ಟಿಗೆ ಹೋಗಿ ಜನರಿಗೆ ಪ್ರೀತಿಯ ಬಗ್ಗೆ ಪಾಠ ಹೇಳಬೇಕು! ಗಂಡಹೆಂಡಿರಿಗಾದರೆ ತವರಿಗೆ ಹೋಗುವ ದಾರಿ ಇರುತ್ತದೆ, ಇವರಿಗೆ ಅದೂ ಇಲ್ಲ. ಸಮಾಧಾನ ಅಂದರೆ ಆರು ವಾರಕ್ಕೊಮ್ಮೆ 'ಟ್ರಾನ್ಸ್‌ಫರ್' ಸುದ್ದಿ ಬರುತ್ತದೆ. ಕಂಪ್ಯಾನಿಯನ್ ಬದಲಾಗಬಹುದು, ಊರೂ ಬದಲಾಗಬಹುದು.

ಅವರದೇ ಒಂದಿಷ್ಟು ಪದಗಳೂ ಇವೆ. ಹೊಸಬ 'ಗ್ರೀನಿ'. ಮನೆಗೆ ಹೋಗುವ ದಿನ ಹತ್ತಿರ ಬಂದು ಮನಸ್ಸು ನಿಲ್ಲದವನು 'ಟ್ರಂಕಿ'. ಟ್ರಂಕು ಕಟ್ಟಿಟ್ಟು ಅದರ ಮೇಲೆ ಕೂತವನು ಅಂತ ಅರ್ಥ ಮಾಡಿಕೊಳ್ಳಿ.

ಫೋನ್, ಸಿನಿಮಾ, ಗರ್ಲ್‌ಫ್ರೆಂಡ್?

ಸ್ಮಾರ್ಟ್‌ಫೋನ್ ಇರುತ್ತದೆ, ಕೆಲಸಕ್ಕೆ. ಸಿನಿಮಾ, ಟಿವಿ, ವಿಡಿಯೋ ಗೇಮ್ ಇಲ್ಲ. ಹುಡುಗಿಯರ ಜೊತೆ ಓಡಾಟ ಇಲ್ಲ. ಈಜುವ ಹಾಗೂ ಇಲ್ಲ. ಸುತ್ತ ಸಮುದ್ರ ಇರುವ ಸೆಬುವಿನಲ್ಲಿ ಎರಡು ವರ್ಷ ಇದ್ದು ಒಂದು ದಿನವೂ ಈಜಲಿಲ್ಲ ಈತ.

ಮೊದಲು ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ಕಾಗದ, ಆಮೇಲೆ ಇಮೇಲ್. 2019ರ ಫೆಬ್ರವರಿಯಿಂದ ಪ್ರತಿ ವಾರ ಪಿ-ಡೇ ದಿನ ವಿಡಿಯೋ ಕಾಲ್ ಮಾಡಬಹುದು. ಅಲ್ಲಿ ಸೋಮವಾರ ಬೆಳಿಗ್ಗೆ ಅಂದರೆ ಇಲ್ಲಿ ಭಾನುವಾರ ರಾತ್ರಿ. ಆ ಹೊತ್ತಿಗೆ ಪಕ್ಕದ ಮನೆ ಅಡುಗೆಮನೆಯ ದೀಪ ಉರಿಯುತ್ತಿರುತ್ತಿತ್ತು. ಎರಡು ವರ್ಷ ಭಾನುವಾರ ರಾತ್ರಿ ನಾವು ಅವರ ಮನೆ ಬೆಲ್ ಒತ್ತಲಿಲ್ಲ.

ಊಟಕ್ಕೇನು ಮಾಡುತ್ತಾರೆ?

ಅವರೇ ಬೇಯಿಸಿಕೊಳ್ಳುತ್ತಾರೆ, ಅಂದರೆ ನೂಡಲ್ಸ್. ಮಾರ್ಮನ್ ಕುಟುಂಬಗಳು ಜಾಸ್ತಿ ಇರುವ ಕಡೆ ರಾತ್ರಿ ಊಟಕ್ಕೆ ಸರದಿ ಇರುತ್ತದೆ. ಚರ್ಚಿನಲ್ಲಿ ಒಂದು ಪಟ್ಟಿ ಓಡಾಡುತ್ತದೆ, ಮಂಗಳವಾರ ಇವರ ಮನೆ, ಬುಧವಾರ ಅವರ ಮನೆ. ಇದನ್ನು ಕೇಳಿದ್ದೇ ಅಮ್ಮ, 'ಅಯ್ಯೋ, ಇದು ನಮ್ಮ ವಾರಾನ್ನ ಅಲ್ವೇನೇ?' ಅಂದರು. ನನ್ನ ತಾತ ವಾರಾನ್ನ ಉಂಡು ಓದಿದವರು. ಅಂದಿನಿಂದ ಎಲ್ಡರ್‌ಗಳು ಬೀದಿಯಲ್ಲಿ ಕಂಡರೆ ಅಮ್ಮನಿಗೆ ಒಂದೇ ಚಿಂತೆ, 'ಉಂಡರೋ ಇಲ್ಲವೋ ಮಕ್ಕಳು.'

ಕಾಫಿ ಕೊಟ್ಟರೆ ಮುಖ ಸಿಂಡರಿಸಿದರು. ನಮ್ಮ ಮನೇದು ಅಂತಾನಾ?

ಖಂಡಿತ ಅಲ್ಲ. ಕಾಫಿ, ಟೀ, ಹೆಂಡ, ತಂಬಾಕು ನಾಲ್ಕೂ ಇವರಿಗೆ ನಿಷಿದ್ಧ. 1833ರಿಂದ ಬಂದ ನೇಮ. ನಾನು ಬಂದ ಹೊಸದರಲ್ಲಿ ಗೊತ್ತಿರಲಿಲ್ಲ. ಊರಿಂದ ತಂದ ಪುಡಿ ಹಾಕಿ, ಡಿಕಾಕ್ಷನ್ ಇಳಿಸಿ, ನೊರೆ ಬರುವ ಹಾಗೆ ಎತ್ತಿ ಹೊಯ್ದು ಕೊಟ್ಟರೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಹಾಸನದವಳ ಕಾಫಿಯನ್ನು ಬೇಡ ಅನ್ನುವುದಾ! ಆ ದಿನವೆಲ್ಲ ಬೇಜಾರು. ಈಗ ಬೇಸಿಗೆಯಾದರೆ ನಿಂಬೆ ಪಾನಕ, ಚಳಿಯಾದರೆ ಬಾದಾಮಿ ಹಾಲು. ಎರಡನೇ ಲೋಟ ಕೇಳದೆ ಹೋದವರನ್ನು ಕಂಡಿಲ್ಲ. ಕೋಕಾ ಕೋಲಾಗೆ ಅಡ್ಡಿ ಇಲ್ಲ ಅಂತೆ. ಈ ಲೆಕ್ಕ ನನಗೆ ಇನ್ನೂ ತಲೆಗೆ ಹತ್ತಿಲ್ಲ.

ಒಳಗೆ ಬನ್ನಿ ಅಂದರೂ ಬರಲಿಲ್ಲ, ಯಾಕೆ?

ನೀವು ಒಬ್ಬರೇ ಇದ್ದಿರಬೇಕು. ಮನೆಯಲ್ಲಿ ಹೆಂಗಸು ಒಬ್ಬರೇ ಇದ್ದರೆ ಎಲ್ಡರ್‌ಗಳು ಒಳಗೆ ಕಾಲಿಡುವ ಹಾಗಿಲ್ಲ, ಇನ್ನೊಬ್ಬ ಗಂಡಸು ಇರಲೇಬೇಕು. ಸಿಸ್ಟರ್‌ಗಳಿಗೂ ಹಾಗೆಯೇ, ಗಂಡಸು ಒಬ್ಬನೇ ಇರುವ ಮನೆಗೆ ಹೋಗುವುದಿಲ್ಲ. ಜಗುಲಿಯಲ್ಲೇ ಮಾತಾಡಿ ಹೋಗುತ್ತಾರೆ. ನನಗೆ ಇದು ಒಳ್ಳೆಯ ನೇಮ ಅನ್ನಿಸಿದೆ.

ಹುಡುಗಿಯರ ಬದುಕೂ ಹೀಗೇನಾ?

ಬಹುತೇಕ. ಅದೇ ವೇಳಾಪಟ್ಟಿ, ಅದೇ ನಡಿಗೆ. ಸ್ಕರ್ಟೇ ಹಾಕಬೇಕು ಅಂತ ಇತ್ತು, 2018ರ ಡಿಸೆಂಬರ್‌ನಿಂದ ಪ್ಯಾಂಟಿಗೂ ಒಪ್ಪಿಗೆ ಸಿಕ್ಕಿದೆ. ಸೊಳ್ಳೆ ಕಾಟದ ಊರಲ್ಲಿ, ಸೈಕಲ್ ಮೇಲೆ ಸ್ಕರ್ಟ್ ಹಾಕಿಕೊಂಡು ಓಡಾಡಿದ ಹುಡುಗಿಯರನ್ನು ಕೇಳಿದರೆ ಗೊತ್ತಾಗುತ್ತದೆ, ಅದು ಎಷ್ಟು ತಡವಾಯಿತು ಅಂತ.

ಇಷ್ಟೆಲ್ಲ ಮಾಡಿದರೆ ಎಷ್ಟು ಜನ ಸೇರುತ್ತಾರೆ?

2024ರಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರು 3 ಲಕ್ಷದ 8 ಸಾವಿರ. ಮಿಷನರಿಗಳ ಲೆಕ್ಕಕ್ಕೆ ಭಾಗಿಸಿದರೆ ವರ್ಷಕ್ಕೆ ತಲಾ ನಾಲ್ಕು. ಆದರೆ ಇದು ಸಮನಾಗಿ ಹಂಚಿ ಹೋಗುವುದಿಲ್ಲ. ಆಫ್ರಿಕಾದಲ್ಲಿ ಜಾಸ್ತಿ, ಯುರೋಪಿನಲ್ಲಿ ತೀರಾ ಕಡಿಮೆ. ದಿನವೆಲ್ಲ ಬೇಡ ಬೇಡ ಅನ್ನಿಸಿಕೊಂಡೇ ಕಳೆಯುವವರು ಎಷ್ಟೋ ಜನ.

ನನ್ನ ಅಭಿಪ್ರಾಯ ಕೇಳಿದರೆ, ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಮ್ಮದಕ್ಕಿಂತ ನಮ್ಮ ದಾರಿ ಸರಿ ಅನ್ನುವುದು ನನಗೆ ಹಿಡಿಸುವುದಿಲ್ಲ. ಇದನ್ನು ಪಕ್ಕದ ಮನೆಯವರಿಗೂ ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೇ ದಿನ ಮನೆಯಲ್ಲೇ ಬ್ರೆಡ್ ಮಾಡಿ ತಂದುಕೊಟ್ಟರು.

ಅರ್ಧಕ್ಕೇ ವಾಪಸ್ ಬರಬಹುದಾ?

ಬರಬಹುದು, ಬರುವವರೂ ಇದ್ದಾರೆ. ಕಾಯಿಲೆ, ಖಿನ್ನತೆ, ನಂಬಿಕೆ ಹೋಗಿದ್ದು, ನಿಯಮ ಮುರಿದಿದ್ದು, ಕಾರಣ ನೂರು. ಯಾರೂ ಕೈ ಹಿಡಿದು ನಿಲ್ಲಿಸುವುದಿಲ್ಲ. ಕಷ್ಟ ಇರುವುದು ಬಂದ ಮೇಲೆ. ನಮ್ಮ ಹಿಂದಿನ ಬೀದಿಯ ಹುಡುಗನೊಬ್ಬ ಏಳು ತಿಂಗಳಿಗೆ ಬಂದುಬಿಟ್ಟ. ಎರಡು ವರ್ಷ ಮುಗಿಸಿ ಬಂದವರಿಗೆ ಏರ್‌ಪೋರ್ಟಿನಲ್ಲಿ ಬಲೂನು, ಬ್ಯಾನರು, ಅಜ್ಜಿ ತಾತ ಎಲ್ಲ ಇರುತ್ತಾರೆ. ಇವನನ್ನು ಕರೆತರಲು ಅಪ್ಪ ಒಬ್ಬರೇ ಹೋಗಿದ್ದರು. ಆಮೇಲೆ ಎಷ್ಟೋ ದಿನ ಅವನು ಕತ್ತಲಾದ ಮೇಲೆ ಮಾತ್ರ ನಾಯಿ ಕರೆದುಕೊಂಡು ಹೊರಗೆ ಬರುತ್ತಿದ್ದ. ಜನ ಏನೂ ಅನ್ನುತ್ತಿರಲಿಲ್ಲ. 'ಹೇಗಿದ್ದೀಯಪ್ಪಾ' ಅಂತ ಎಲ್ಲರೂ ತುಸು ಜಾಸ್ತಿ ಮೆತ್ತಗೆ ಕೇಳುತ್ತಿದ್ದರು. ಅದೇ ಅವನಿಗೆ ತಡೆಯಲಾಗುತ್ತಿರಲಿಲ್ಲ ಅನ್ನಿಸುತ್ತದೆ. ಈಗ ನರ್ಸಿಂಗ್ ಓದುತ್ತಿದ್ದಾನೆ, ಹಗಲಲ್ಲೂ ಕಾಣಿಸುತ್ತಾನೆ.

ನಮ್ಮ ಬೆಂಗಳೂರಿನಲ್ಲೂ ಇದ್ದಾರಾ?

ಇದ್ದಾರೆ. ಇವರ ಮಿಷನರಿಗಳು 1850ರ ದಶಕದಲ್ಲೇ ಕಲ್ಕತ್ತಾಗೆ ಬಂದಿದ್ದರು, ಆದರೆ ಬೇರು ಹಿಡಿಯಲಿಲ್ಲ. 1993ರಲ್ಲಿ ಬೆಂಗಳೂರು ಮಿಷನ್ ಶುರುವಾಯಿತು, 2007ರಲ್ಲಿ ದೆಹಲಿಯದು. ಬೆಂಗಳೂರಿನಲ್ಲಿ ತಮ್ಮ ಮತದ ದೇವಾಲಯ ('ಟೆಂಪಲ್') ಕಟ್ಟುತ್ತೇವೆ ಅಂತ 2018ರ ಏಪ್ರಿಲ್‌ನಲ್ಲಿ ಘೋಷಿಸಿದರು. 2020ರ ಡಿಸೆಂಬರ್‌ನಲ್ಲಿ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗುದ್ದಲಿ ಪೂಜೆ ಆಯಿತು. ಭಾರತದಲ್ಲಿ ಅದೇ ಮೊದಲನೆಯದು. ಆ ಸುದ್ದಿ ಬಂದ ದಿನ ನಮ್ಮ ಬೀದಿಯ ನಾಲ್ಕು ಜನ ನನಗೆ ಕಂಗ್ರಾಜುಲೇಷನ್ಸ್ ಹೇಳಿದರು, ನಾನೇ ಕಟ್ಟಿಸಿದ ಹಾಗೆ.

ಬಾಗಿಲಿಗೆ ಬಂದರೆ ಏನು ಹೇಳಲಿ?

ಆಸಕ್ತಿ ಇಲ್ಲದಿದ್ದರೆ ನೇರವಾಗಿ 'ಆಸಕ್ತಿ ಇಲ್ಲ, ಥ್ಯಾಂಕ್ಸ್' ಅನ್ನಿ. 'ಆಮೇಲೆ ಬನ್ನಿ' ಅಂತ ಸುಮ್ನೆ ಹೇಳಬೇಡಿ. ನಮಗೆ ಅದು ಮರ್ಯಾದೆಯಾಗಿ 'ಬೇಡ' ಅನ್ನುವ ರೀತಿ. ಅವರು ಡೈರಿಯಲ್ಲಿ ಬರೆದುಕೊಂಡು ನಿಜವಾಗಿ ಬರುತ್ತಾರೆ. ನನ್ನ ಗೆಳತಿಯೊಬ್ಬಳು ಹೀಗೆ ಐದು ಸಲ ಪರದೆ ಹಿಂದೆ ಅಡಗಿ ಕೂತಿದ್ದಳು. ಬಿಸಿಲು ಜೋರಾಗಿದ್ದರೆ ನೀರು ಬೇಕಾ ಅಂತ ಕೇಳಿ. ನೀರು ಕುಡಿದ ಮಾತ್ರಕ್ಕೆ ಯಾರೂ ನಿಮ್ಮನ್ನು ಮತಕ್ಕೆ ಸೇರಿಸಿಕೊಳ್ಳುವುದಿಲ್ಲ.

ಎರಡು ವರ್ಷ ಮುಗಿಸಿ ಬಂದ ಮೇಲೆ?

ಕಾಲೇಜು, ಕೆಲಸ, ಬಹಳ ಜನಕ್ಕೆ ಬೇಗನೇ ಮದುವೆ. ಮಧ್ಯದ ಒಂದೆರಡು ತಿಂಗಳು ಮಾತ್ರ ಪೆಚ್ಚಾಗಿರುತ್ತಾರೆ.

ನಮ್ಮ ಹುಡುಗ 2024ರ ಶರತ್ಕಾಲದಲ್ಲಿ ಬಂದ. ಅಮ್ಮ ಆಗ ಇಲ್ಲೇ ಇದ್ದರು. ಊಟಕ್ಕೆ ಕರೆದೆವು. ಚಮಚ ಇಟ್ಟಿದ್ದೆ, ಅವನು ಅದನ್ನು ಪಕ್ಕಕ್ಕೆ ಸರಿಸಿ, ಅನ್ನಕ್ಕೆ ಸಾರು ಕಲಸಿ ಐದು ಬೆರಳಲ್ಲಿ ಉಣ್ಣಲು ಶುರು ಮಾಡಿದ. ಸೆಬುವಿನಲ್ಲಿ ಹಳ್ಳಿ ಮನೆಗಳಲ್ಲಿ ಹೀಗೇ ಉಣ್ಣುತ್ತಿದ್ದನಂತೆ. ಅಮ್ಮನ ಮುಖ ನೋಡಬೇಕಿತ್ತು. ಕೇಳದೆಯೇ ಇನ್ನೊಂದು ಸೌಟು ಸಾರು ಬಿತ್ತು. ಮಾತಾಡುತ್ತ ಅವನಿಗೆ ಇಂಗ್ಲಿಷ್ ಪದಗಳೇ ಸಿಗುತ್ತಿರಲಿಲ್ಲ, ನಡುನಡುವೆ ತಡಕಾಡುತ್ತಿದ್ದ.

ಒಂಬತ್ತು ಆಗುತ್ತಿದ್ದ ಹಾಗೆ ಗಡಿಯಾರ ನೋಡಿ ಎದ್ದು ನಿಂತ. ಚಪ್ಪಲಿ ಹಾಕಿಕೊಂಡು ಬಾಗಿಲು ದಾಟಿದವನು ಅಲ್ಲೇ ನಿಂತು ಹಿಂದಕ್ಕೆ ತಿರುಗಿ ನಮ್ಮ ಹಾಲ್ ಒಳಗೆ ನೋಡತೊಡಗಿದ.

'ಏನಪ್ಪಾ, ಏನಾದರೂ ಮರೆತೆಯಾ?' ಅಂದೆ.

'ಇಲ್ಲ,' ಅಂದ, ಕಿವಿ ಕೆಂಪಾಗಿತ್ತು. 'ಕಂಪ್ಯಾನಿಯನ್ ಬಂದನಾ ಅಂತ ನೋಡಿದೆ.'